ಕೂಗುವ ಮುಂಚೆ ಕೆಸರು ನೋಡಿ

ನಂಜನಗೂಡು, ತಿ. ನರಸೀಪುರ ಕಡೆಯಿಂದ ಹಳೇ ಟ್ರ್ಯಾಕ್ಟರ್ ಹರಾಜಿಗೆ ಹೊರಟವರಿಗೆ ಒಂದು ಮಾತು.

ನಮ್ಮದು ನಾಲೆ ನೀರಿನ ಭತ್ತದ ಸೀಮೆ. ಇಲ್ಲಿನ ಗಾಡಿ ಕೇಜ್ ವೀಲ್ ಹಾಕಿಕೊಂಡು ಕೆಸರಲ್ಲೇ ದುಡಿದಿರುತ್ತೆ. ಹೊಸ ಬಣ್ಣಕ್ಕೆ ಮರುಳಾಗಬೇಡಿ. ಆಕ್ಸಲ್ ಸೀಲ್ ಹತ್ತಿರ ಬೆರಳಾಡಿಸಿ, ಎಣ್ಣೆ ಜಿನುಗಿದ್ದರೆ ಕೈಗೆ ಹತ್ತುತ್ತೆ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತಲೇ ಅರ್ಥ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ. ನಿಮ್ಮೂರಿನ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರ್ಕೊಂಡು ಹೋಗಿ.

ಕಾಗದಪತ್ರವೂ ಅಷ್ಟೇ ಮುಖ್ಯ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ, ಅದನ್ನು ತೆಗೆಸಲು ಬೇಕಾದ ಎನ್‌ಒಸಿ ಮತ್ತು ಫಾರಂ 35 ಸಾಲ ಕೊಟ್ಟವರು ಯಾವಾಗ ಕೊಡ್ತಾರೆ ಅಂತ ಮೊದಲೇ ಕೇಳಿ. ಟ್ರೈಲರ್‌ಗೆ ಬೇರೆಯೇ ಆರ್‌ಸಿ ಇರುತ್ತೆ, ಅದನ್ನೂ ನೋಡಿ. ‘ಇದ್ದ ಸ್ಥಿತಿಯಲ್ಲೇ ಮಾರಾಟ’ ಅಂದರೆ ಆಮೇಲೆ ತಕರಾರು ನಡೆಯಲ್ಲ.

ಊರಲ್ಲಿ ಅಂಥದೇ ಗಾಡಿಗಿರುವ ಬೆಲೆಯಿಂದ ರಿಪೇರಿ, ಟಯರ್, ವರ್ಗಾವಣೆ ಖರ್ಚು ಕಳೆಯಿರಿ. ಉಳಿದದ್ದೇ ನಿಮ್ಮ ಕೊನೇ ಕೂಗು. ಅದನ್ನು ಚೀಟಿಯಲ್ಲಿ ಬರೆದು ಜೇಬಲ್ಲಿಡಿ. ಪಕ್ಕದವರ ಮೇಲಿನ ಹಠಕ್ಕೆ ಒಂದು ರೂಪಾಯಿಯೂ ಏರಿಸಬೇಡಿ.

ಹರಾಜಿಗೆ ಸಾಲಾಗಿ ನಿಂತ ಗಾಡಿಗಳ ಬಾನೆಟ್ ಮೇಲೆ ಶ್ರೀಕಂಠೇಶ್ವರನ ಹೆಸರು, ಮಡ್‌ಗಾರ್ಡ್ ಮೇಲೆ ಮಕ್ಕಳ ಹೆಸರು ಇನ್ನೂ ಅಳಿಸಿರಲ್ಲ. ಕಂತು ಕಟ್ಟಲಾಗದೆ ಯಾರೋ ರೈತ ಕಳಕೊಂಡ ಗಾಡಿ ಅದು. ಅದೇ ಗಾಡಿ ಇನ್ನೊಂದು ಮನೆಯನ್ನೂ ಸಾಲಕ್ಕೆ ತಳ್ಳಬಾರದು.