ಬಸವನಗುಡಿಯ ಒಂದು ಕಾಫಿ ಹೋಟೆಲು

ಒಂದು ಊರಿನ ಪರಿಚಯವಾಗಬೇಕಾದರೆ ಅಲ್ಲಿಯ ಗುಡಿಗೋಪುರಗಳನ್ನೂ ಕೆರೆತೋಟಗಳನ್ನೂ ನೋಡಿದರೆ ಸಾಲದು. ಊರಿನವರು ಎಲ್ಲಿ ಕುಳಿತು ಹರಟುತ್ತಾರೆ, ಬಂದವರನ್ನು ಯಾವ ಮಾತಿನಿಂದ ಬರಮಾಡಿಕೊಳ್ಳುತ್ತಾರೆ ಎಂಬುದನ್ನೂ ನೋಡಬೇಕು. ಬೆಂಗಳೂರಿನ ಬಸವನಗುಡಿಯಲ್ಲಿ ಈ ಎರಡೂ ಒಂದೆಡೆ ಕಾಣಸಿಗುವ ಸ್ಥಳವೆಂದರೆ ಕಾಫಿ ಹೋಟೆಲು. ಅಂಥ ಒಂದು ಹೋಟೆಲಿನ ಅಂದಿನ ಸ್ಥಿತಿಯನ್ನೂ ಇಂದಿನ ಸ್ಥಿತಿಯನ್ನೂ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಏಕಶಿಲೆಯ ದೊಡ್ಡ ಬಸವನಿಂದ ಹೆಸರು ಪಡೆದ ಈ ಬಡಾವಣೆಯು ಆ ಬಸವನಷ್ಟು ಪ್ರಾಚೀನವಾದುದಲ್ಲ. 1898ರಲ್ಲಿ ಪ್ಲೇಗು ಮಾರಿಯು ಪೇಟೆಯನ್ನು ಹೊಕ್ಕಾಗ, ಇಕ್ಕಟ್ಟಾದ ಬೀದಿಗಳಲ್ಲಿದ್ದ ಜನರಿಗೆ ಗಾಳಿಬೆಳಕುಗಳುಳ್ಳ ಮನೆಗಳು ಬೇಕಾದವು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಆ ಕಾಲದಲ್ಲಿಯೇ. ಮುಂದೆ ವಿದ್ವಾಂಸರೂ ಲೇಖಕರೂ ಇಲ್ಲಿ ನೆಲಸಿದರು. ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದೂ ಈ ಭಾಗದಲ್ಲಿಯೇ. ಉಪನ್ಯಾಸ ಕೇಳಿ ಹೊರಬಂದವರಿಗೆ ಚರ್ಚೆಯನ್ನು ಮುಂದುವರಿಸಲು ಒಂದು ಮೇಜು, ಎರಡು ಲೋಟ ಕಾಫಿ ಬೇಕಲ್ಲವೆ?

ಅದನ್ನು ಒದಗಿಸಿದವರು ಬಹುಮಟ್ಟಿಗೆ ಉಡುಪಿ, ಕುಂದಾಪುರಗಳ ಕಡೆಯಿಂದ ಘಟ್ಟವೇರಿ ಬಂದ ಜನರು. ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫನ್ ರೂಮಿನ ಮೂಲ 1924ರದು. ಅದನ್ನು ಕಟ್ಟಿದ ಮಯ್ಯ ಸೋದರರೂ ಆ ಕರಾವಳಿಯವರೇ. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಖಂಡಕ್ಕೆ ಹೋಗಿ, ಅಲ್ಲಿಯ ಹೋಟೆಲುಗಳ ಶುಚಿತ್ವವನ್ನೂ ಶಿಸ್ತನ್ನೂ ಕಂಡು ಬಂದರು. ತರುವಾಯ ಅಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡೇ ಊಟದ ಕೋಣೆಗೆ ಹೋಗುವಂತಾಯಿತು. ನಮ್ಮಲ್ಲಿ ಮುಚ್ಚುಮರೆಯಿಲ್ಲ, ಒಳಗೆ ಬನ್ನಿ ಎಂದು ಹೇಳುವ ಒಂದು ರೀತಿ ಇದು. ರುಚಿಗಿಂತ ಮೊದಲು ವಿಶ್ವಾಸವನ್ನು ಬಡಿಸಬೇಕೆಂಬ ವ್ಯಾಪಾರಧರ್ಮವನ್ನು ಆ ತಲೆಮಾರಿನವರು ಚೆನ್ನಾಗಿ ಅರಿತಿದ್ದರು.

ನಾನು ಹೇಳಹೊರಟ ಹೋಟೆಲು ಅಷ್ಟು ದೊಡ್ಡದಲ್ಲ. ಅದರ ಹೆಸರೂ ಇಲ್ಲಿ ಬೇಡ. ಅಡ್ಡರಸ್ತೆಯೊಂದರಲ್ಲಿ ಹತ್ತು ಮೇಜುಗಳ ಒಂದು ಕೋಣೆ. ಮೂವತ್ತು ವರ್ಷಗಳ ಕಾಲ ನಮ್ಮ ಮನೆಯವರಿಗೆ ಅದು ಎರಡನೆಯ ಪಡಸಾಲೆಯಂತಿತ್ತು. ಯಜಮಾನರು ಗಲ್ಲದ ಹಿಂದೆ ಕುಳಿತೇ ಬಂದವರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಹಿರಿಯ ಮಾಣಿಯೊಬ್ಬರು ನಮ್ಮನ್ನು ಕಂಡೊಡನೆ, ಕೇಳುವ ಮೊದಲೇ, “ರಾಯರಿಗೆ ಸಕ್ಕರೆ ಕಡಿಮೆ, ಅಮ್ಮನವರಿಗೆ ಸ್ಟ್ರಾಂಗು” ಎಂದು ಒಳಕ್ಕೆ ಕೂಗುತ್ತಿದ್ದರು. ಮಕ್ಕಳಿಗೆ ದೋಸೆಯನ್ನು ಆರಿಸಿ, ಚಟ್ನಿಯನ್ನು ಬೇರೆ ಬಟ್ಟಲಿನಲ್ಲಿಡುತ್ತಿದ್ದರು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಒಂದು ಗಂಟೆ ಕುಳಿತರೂ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಅಲ್ಲಿಯ ದೋಸೆಗಿಂತ ಉತ್ತಮವಾದ ದೋಸೆ ಊರಿನಲ್ಲಿ ಇದ್ದೀತು. ಆದರೆ ಆ ಆದರ ಇರಲಿಲ್ಲ.

ಕಳೆದ ಕಾರ್ತಿಕದ ಕೊನೆಯ ಸೋಮವಾರ ನಮ್ಮ ಚಿಕ್ಕಪ್ಪನವರು ಸಾಗರದಿಂದ ಕಡಲೆಕಾಯಿ ಪರಿಷೆಗೆಂದು ಬಂದಿದ್ದರು. ಎಂಬತ್ತನ್ನು ದಾಟಿದ ವಯಸ್ಸು. ಬಸವನ ದರ್ಶನ ಮಾಡಿ, ಕಡಲೆಕಾಯಿಯ ರಾಶಿಗಳ ನಡುವೆ ಮೆಲ್ಲನೆ ನಡೆದು, ಅದೇ ಹೋಟೆಲಿಗೆ ಹೋಗಬೇಕೆಂದು ಅವರೇ ಬಯಸಿದರು. ಹತ್ತು ಮೇಜುಗಳಿದ್ದಲ್ಲಿ ಈಗ ಹದಿನಾರು ಮೇಜುಗಳು. ಗಲ್ಲದ ಎಡಕ್ಕೆ, ಮೊಬೈಲಿನಲ್ಲಿ ಬಂದ ಬೇಡಿಕೆಗಳನ್ನು ಒಯ್ಯುವ ಹುಡುಗರ ಗುಂಪು. ಒಳಗಿನಿಂದ ಬಂದ ದೋಸೆಗಳೆಲ್ಲ ಕುಳಿತವರನ್ನು ದಾಟಿ ಆ ಪೊಟ್ಟಣಗಳಿಗೆ ಸೇರುತ್ತಿದ್ದವು. ನಾವು ಅರ್ಧ ಗಂಟೆ ಕಾದ ಮೇಲೆ ತಿಂಡಿಯೂ ಕಾಫಿಯೂ ಒಟ್ಟಿಗೆ ಬಂದವು. ಚಿಕ್ಕಪ್ಪನವರು ನಿಧಾನವಾಗಿ ತಿಂದು ಮುಗಿಸುವುದರೊಳಗೆ ಕಾಫಿ ತಣ್ಣಗಾಗಿತ್ತು. ಸ್ವಲ್ಪ ಬಿಸಿಮಾಡಿಕೊಡಪ್ಪ ಎಂದರೆ, ಬಡಿಸುವ ಹುಡುಗನು ಮಾತು ತಿಳಿಯದೆ ಇನ್ನೊಬ್ಬನ ಮುಖ ನೋಡಿದನು. ಆ ಇನ್ನೊಬ್ಬನು ಬಿಲ್ಲನ್ನು ಮೇಜಿನ ಮೇಲಿಟ್ಟು, “ಬೇರೆ ಕಾಫಿ ಬೇಕಾದರೆ ಬೇರೆ ಬಿಲ್ಲಾಗುತ್ತೆ, ಬೇಗ ಹೇಳಿ” ಎಂದನು. ಯಜಮಾನರ ಸ್ಥಾನದಲ್ಲಿ ಕುಳಿತಿದ್ದ ತರುಣರು ಯಂತ್ರದಿಂದ ತಲೆಯೆತ್ತಲಿಲ್ಲ.

ಚಿಕ್ಕಪ್ಪನವರು ಲೋಟವನ್ನು ಹಾಗೆಯೇ ಬಿಟ್ಟು ಎದ್ದರು. ಹೊರಗೆ ಬಂದ ಮೇಲೆ, “ಹೊಟ್ಟೆ ತುಂಬಿತು ಮಗೂ, ಆದರೆ ‘ಬನ್ನಿ’ ಅಂದವರು ಯಾರೂ ಇಲ್ಲವಲ್ಲ” ಎಂದರು. ಕೋಪದ ಮಾತಲ್ಲ, ಆದುದರಿಂದಲೇ ಅದು ಮನಸ್ಸಿಗೆ ಹೆಚ್ಚು ನಾಟಿತು.

ದೋಷವನ್ನು ಆ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆತನು ದೂರದ ಪ್ರಾಂತ್ಯದಿಂದ ಹೊಟ್ಟೆಪಾಡಿಗೆ ಬಂದವನು. ಭಾಷೆಯನ್ನಾಗಲಿ ಬಡಿಸುವ ಕ್ರಮವನ್ನಾಗಲಿ ಅವನಿಗೆ ಕಲಿಸಿದವರಿಲ್ಲ. ಘಟ್ಟವೇರಿ ಬಂದ ಹಿಂದಿನ ಮಾಣಿಗಳೂ ಒಂದು ಕಾಲಕ್ಕೆ ಇಲ್ಲಿಗೆ ಹೊಸಬರೇ. ಅವರನ್ನು ತಿದ್ದಲು ಬಳಿಯಲ್ಲಿ ಒಬ್ಬ ಹಿರಿಯರಿದ್ದರು. ಬಾಡಿಗೆ, ಸಾಮಾನಿನ ಬೆಲೆಗಳು ಏರಿವೆಯೆಂಬ ಯಜಮಾನರ ಕಷ್ಟವೂ ಸುಳ್ಳಲ್ಲ. ಈ ಒತ್ತಡಕ್ಕೆ 1980ರ ದಶಕದಲ್ಲಿ ಬೆಂಗಳೂರು ಒಂದು ಉತ್ತರವನ್ನು ಕಂಡುಕೊಂಡಿತು, ಅದೇ ದರ್ಶಿನಿ. ಅಲ್ಲಿ ಚೀಟಿ ಕೊಂಡು, ತಟ್ಟೆಯನ್ನು ತಾವೇ ತಂದು, ನಿಂತು ತಿಂದು ಹೋಗಬೇಕು. ಅಲ್ಲಿ ಉಪಚಾರವನ್ನು ಯಾರೂ ನಿರೀಕ್ಷಿಸುವುದಿಲ್ಲ, ಆದುದರಿಂದ ಯಾರಿಗೂ ನಿರಾಶೆಯಿಲ್ಲ. ಆದರೆ ಕುರ್ಚಿ ಹಾಕಿ ಕೂರಿಸಿದವರು ಒಂದು ಮಾತನ್ನು ಕೊಟ್ಟಂತೆ. ಕೂರಿಸಿ ಏಳಿಸುವುದು, ಬಾಗಿಲಿಗೆ ಬಂದವರನ್ನು ಬಿಟ್ಟು ಕಾಣದವರಿಗೆ ಮೊದಲು ಬಡಿಸುವುದು ಆ ಮಾತಿಗೆ ತಪ್ಪಿದಂತೆ.

ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಪೊಟ್ಟಣಗಳಿಗೆ ಬೇರೆ ಒಲೆಯನ್ನೂ ಬೇರೆ ಬಾಗಿಲನ್ನೂ ಇಡಬಹುದು. ಹೊಸ ಹುಡುಗರಿಗೆ ಹತ್ತು ಕನ್ನಡ ಮಾತುಗಳನ್ನು ಕಲಿಸಬಹುದು. ತಿಂಡಿ ಮುಗಿದ ಮೇಲೆ ಕಾಫಿ ತರುವುದಕ್ಕೆ ಹಣ ಖರ್ಚಾಗುವುದಿಲ್ಲ. ಗಿರಾಕಿಗಳಾದ ನಾವೂ ಬಡಿಸುವವನ ಹೆಸರನ್ನು ಕೇಳಿ ತಿಳಿದು, ಏನಪ್ಪಾ ಚೆನ್ನಾಗಿದ್ದೀಯಾ ಎಂದರೆ ನಷ್ಟವೇನು? ಬಸವನಗುಡಿಯ ರಸ್ತೆಗಳ ಮರಗಳು ತಂಪನ್ನು ಕೊಡುತ್ತವೆ. ಪರಿಷೆ ವರ್ಷವರ್ಷವೂ ಬರುತ್ತದೆ. ದೂರದಿಂದ ಬಂದ ಮುದುಕರೊಬ್ಬರಿಗೆ ಬಿಸಿ ಕಾಫಿಯೊಡನೆ ‘ಬನ್ನಿ’ ಎಂಬ ಎರಡಕ್ಷರವನ್ನೂ ಕೊಡುವವರಿದ್ದರೆ, ಈ ಬಡಾವಣೆಯ ಹಳೆಯ ಹೆಸರು ಉಳಿದೀತು.