ಹುಲಿಕಲ್ ದಾರಿಯ ಆಲದ ನೆರಳು

ಮಾಗಡಿ ತಾಲ್ಲೂಕಿನ ಕುದೂರಿನಿಂದ ಹುಲಿಕಲ್‌ಗೆ ಹೋಗುವ ರಸ್ತೆಯನ್ನು ಬಸ್ಸಿನಲ್ಲಿ ಕುಳಿತು ನೋಡಿದರೆ ಸಾಲದು, ನಡೆದೇ ನೋಡಬೇಕು. ಸುಮಾರು ನಾಲ್ಕೂವರೆ ಕಿಲೋಮೀಟರು ದೂರ ಆಲದ ಮರಗಳ ಸಾಲು. ಒಟ್ಟು 385 ಮರಗಳೆಂದು ಲೆಕ್ಕ. ನಡು ಬೇಸಿಗೆಯಲ್ಲೂ ಕಾಲಡಿಯಲ್ಲಿ ನೆರಳು.

ಇವನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ 2025ರ ನವೆಂಬರ್ 14ರಂದು ತೀರಿಕೊಂಡರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ವಿದ್ಯಾರ್ಥಿಗಳಿಗೆ ಗೊತ್ತು. ಈ ನೆರಳಿನ ಹಿಂದೆ ಎಷ್ಟು ಬಿಸಿಲಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕ ಹುಲಿಕಲ್‌ನ ಚಿಕ್ಕಯ್ಯನವರ ಕೈ ಹಿಡಿದು ಇಲ್ಲಿಗೆ ಬಂದರು. ಕೂಲಿಯ ಬದುಕು. ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಬದುಕೇ ಬೇಡವೆನ್ನಿಸಿದ ದಿನಗಳೂ ಅವರಿಗೆ ಬಂದಿದ್ದವು. ಸೀಮಂತದಲ್ಲಿ, ತೊಟ್ಟಿಲ ಶಾಸ್ತ್ರದಲ್ಲಿ ಇಂಥ ಹೆಣ್ಣುಮಗಳನ್ನು ಹಿಂದೆ ನಿಲ್ಲಿಸುವುದು ನಮ್ಮ ಊರುಗಳಲ್ಲಿ ಹೊಸದಲ್ಲ. 'ಬಂಜೆ' ಎಂಬ ಮಾತು ಹೆಂಗಸಿಗೆ ಮಾತ್ರ ಇದೆ; ಗಂಡಸಿಗೆ ಅಷ್ಟು ಬಳಕೆಯ ಮಾತು ಇಲ್ಲ.

ಈ ಸಂಕಟ ಒಂದು ಊರಿನದಲ್ಲ. ನಮ್ಮ ಅಶ್ವತ್ಥಕಟ್ಟೆಗಳ ನಾಗರಕಲ್ಲುಗಳಲ್ಲಿ ಎಷ್ಟೋ ಮಗುವಿಗಾಗಿ ಹೊತ್ತ ಹರಕೆಗಳು. ಫತೇಪುರ ಸಿಕ್ರಿಯಲ್ಲಿ ಸಲೀಂ ಚಿಷ್ತಿಯವರ ಗೋರಿಯ ಅಮೃತಶಿಲೆಯ ಜಾಲರಿಗೆ ಹೆಂಗಸರು ದಾರ ಕಟ್ಟುತ್ತಾರೆ. ನೈಜೀರಿಯಾದ ಓಶೊಗ್ಬೊ ಪಟ್ಟಣದ ದೇವರಕಾಡಿನಲ್ಲಿ, ಆಗಸ್ಟ್ ತಿಂಗಳ ಉತ್ಸವದಲ್ಲಿ, ಓಶುನ್ ನದಿದೇವಿಯನ್ನು ಬೇಡಿಕೊಳ್ಳುತ್ತಾರೆ. ಹರಕೆಯಲ್ಲಿ ಸಮಾಧಾನವಿದೆ, ಅಲ್ಲಗಳೆಯಲಾರೆ. ಆದರೆ ಎಲ್ಲ ಕಡೆಯೂ ಬೇಡುವ ಭಾರ ಹೆಚ್ಚಾಗಿ ಹೆಣ್ಣಿನ ಮೇಲೆಯೇ.

ವಿಜ್ಞಾನ ಹೇಳುವುದು ಬೇರೆ. ಆಲದ ಹೂಗಳು ಹಣ್ಣಿನಂತೆ ಕಾಣುವ ಗುಂಡಿನೊಳಗೆ ಅಡಗಿರುತ್ತವೆ. ಒಂದು ಪುಟ್ಟ ಕಣಜ ಒಳಹೊಕ್ಕು ಪರಾಗ ಮುಟ್ಟಿಸಿದರೆ ಮಾತ್ರ ಬೀಜ ಕಟ್ಟುತ್ತದೆ. ಬೀಜವಾಗದಿದ್ದರೆ ಮರವನ್ನು ಯಾರೂ ಹಳಿಯುವುದಿಲ್ಲ. ಮನುಷ್ಯರಲ್ಲೂ ಮಗುವಾಗದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಕಡೆ ಗಂಡನ ದೇಹದ ಕಾರಣವೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ ಹೆಚ್ಚುಕಡಿಮೆ ಆರು ಮಂದಿಯಲ್ಲಿ ಒಬ್ಬರಿಗೆ ಜೀವನದ ಒಂದು ಹಂತದಲ್ಲಿ ಈ ತೊಂದರೆ ಎದುರಾಗುತ್ತದೆ. ಆದರೂ ಮೊದಲು ವೈದ್ಯರ ಬಳಿಗೆ ಹೋಗುವವಳು ಹೆಂಡತಿ. ಗಂಡನ ಪರೀಕ್ಷೆಯ ಮಾತೆತ್ತಿದರೆ ಮನೆಯವರಿಗೆ ಮುನಿಸು.

ಹುಲಿಕಲ್ ದಾರಿಯಲ್ಲಿ ನಾನು ನೆನೆಯುವುದು ಚಿಕ್ಕಯ್ಯನವರನ್ನೂ. ಮೊದಲ ವರ್ಷ ಹತ್ತು ಸಸಿ, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು. ಮಳೆಗಾಲದಲ್ಲಿ ನೆಟ್ಟು, ದನಕರು ಮೇಯದಂತೆ ಮುಳ್ಳು ಕಟ್ಟಿ, ದೂರದಿಂದ ನೀರು ಹೊತ್ತು ತಂದು ಹಾಕಿದವರು ಇಬ್ಬರೂ. 1991ರಲ್ಲಿ ಅವರು ತೀರಿಕೊಳ್ಳುವವರೆಗೆ ಆಕೆ ಒಂಟಿಯಾಗಿರಲಿಲ್ಲ.

ಹಾಗೆಂದು ಮಕ್ಕಳಿಲ್ಲದವರಿಗೆಲ್ಲ 'ನೀವೂ ಮರ ನೆಡಿ' ಎಂದು ಉಪದೇಶಿಸುವುದು ಬೇಡ. ದುಃಖ ಮರೆಯಲು ಯಾರೂ ಪದ್ಮಶ್ರೀ ಪಡೆಯಬೇಕಾಗಿಲ್ಲ. ಅವರಿಗೆ ಬೇಕಾದದ್ದು ಜೊತೆಗೆ ನಡೆಯುವವರು, ಕೆದಕಿ ಕೇಳದವರು.

ಮಕ್ಕಳನ್ನು ಈ ದಾರಿಗೆ ಒಮ್ಮೆ ಕರೆತನ್ನಿ. ಮರಗಳ ಕಥೆಯ ಜೊತೆಗೆ ಈ ಮಾತನ್ನೂ ಹೇಳಿ. ನಿಮ್ಮ ಮನೆಯಲ್ಲಿ ಮುಂದೆ ನಾಮಕರಣವಾದಾಗ, ಗೋಡೆಯ ಪಕ್ಕ ನಿಂತಿರುವ ಚಿಕ್ಕಮ್ಮನನ್ನೋ ಅತ್ತೆಯನ್ನೋ ತೊಟ್ಟಿಲು ತೂಗಲು ನೀವೇ ಕರೆಯಿರಿ.