ಮುಂಡಗೋಡಿನ ದಾರಿಯಲ್ಲಿ ಒಂದು ದೀರ್ಘಕಥೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆಯಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲ್ಲೂಕುಗಳಿರುವುವು. ಹಳಿಯಾಳದಲ್ಲಿ ಧಾರವಾಡದ ಬಯಲಿನ ಗಾಳಿ ಬೀಸುತ್ತದೆ. ದಾಂಡೇಲಿಯು ನದಿ ಮತ್ತು ಕಾರ್ಖಾನೆಗಳ ಊರು. ಜೋಯಿಡಾ ಬಹುಮಟ್ಟಿಗೆ ಅರಣ್ಯವೇ. ಮುಂಡಗೋಡದಲ್ಲಿಯಾದರೋ ಹಿಮಾಲಯದಾಚೆಯ ಒಂದು ಜನಾಂಗವು ಬಂದು ನೆಲೆಸಿದೆ. ಕಳೆದ ಚಳಿಗಾಲದಲ್ಲಿ ನಾವು ಈ ನಾಲ್ಕನ್ನೂ ಸುತ್ತಿ ಬಂದೆವು. ಜೊತೆಯಲ್ಲಿ ನಮ್ಮ ಮೊಮ್ಮಗಳಿದ್ದಳು. ಅವಳ ಜೊತೆಯಲ್ಲಿ, ಕೈಫೋನಿನೊಳಗೆ, ‘ಡಾಕ್ಟರ್ ಹೂ’ ಎಂಬ ಇಂಗ್ಲೆಂಡಿನ ವಿಜ್ಞಾನಕಥಾ ಧಾರಾವಾಹಿಯೊಂದಿತ್ತು. ಇಂತಹ ದೀರ್ಘಕಥೆಗಳಲ್ಲಿ ಮುಳುಗಿದ ಮಕ್ಕಳು ವಾಚಕರ ಮನೆಗಳಲ್ಲಿಯೂ ಇರುವರೆಂದು ಬಲ್ಲೆವು. ಹೊಸಬರಾದ ಹಿರಿಯರು ಅದರೊಳಗೆ ಹೊಗುವ ಬಗೆ ಹೇಗೆಂಬುದನ್ನು ಪ್ರವಾಸದ ವೃತ್ತಾಂತದೊಡನೆಯೇ ಇಲ್ಲಿ ನಿವೇದಿಸುವೆವು.

ಮೊದಲು ಕಥೆಯ ಪ್ರಮಾಣವನ್ನು ತಿಳಿಯಬೇಕು. ಇದರ ಪ್ರಥಮ ಭಾಗವು ಬಿ.ಬಿ.ಸಿ. ಸಂಸ್ಥೆಯಿಂದ ಪ್ರಸಾರವಾದುದು 1963ನೆಯ ಇಸವಿ ನವೆಂಬರ್ 23ರಂದು. ಅಂದಿನಿಂದ 1989ರ ವರೆಗೆ ಇಪ್ಪತ್ತಾರು ಮಾಲಿಕೆಗಳು ನಡೆದುವು. ಬಳಿಕ ನಿಂತು, 1996ರಲ್ಲಿ ಒಂದು ಚಲಚ್ಚಿತ್ರವಾಗಿ ತಲೆಯೆತ್ತಿ, 2005ರಲ್ಲಿ ಪುನಃ ಮೊದಲಾಯಿತು. ಆ ಪ್ರಥಮ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಜನಿಸಿದ ವಾರಿಸ್ ಹುಸೇನರು. ಆಗ ಅವರಿಗೆ ಇಪ್ಪತ್ತನಾಲ್ಕೇ ವರ್ಷ. ಎಲ್ಲವನ್ನೂ ಮೊದಲಿನಿಂದ ಕ್ರಮವಾಗಿ ನೋಡುವೆನೆಂದು ಹೊರಡುವ ಅರುವತ್ತರ ಪ್ರಾಯದವನಿಗೆ ಬೇರೆ ಯಾವ ಕೆಲಸವೂ ಉಳಿಯಲಾರದು!

ಕಥೆಯ ಬೀಜವು ಸರಳವಾದುದು. ಡಾಕ್ಟರನೆಂಬ ಒಬ್ಬ ಅನ್ಯಲೋಕದವನು ಕಾಲದೇಶಗಳನ್ನು ದಾಟಿ ಸಂಚರಿಸುವನು. ಅವನ ವಾಹನದ ಹೆಸರು ಟಾರ್ಡಿಸ್. ಹೊರಗೆ ಅದು ಒಬ್ಬನು ನಿಲ್ಲುವಷ್ಟರ ನೀಲಿ ಪೋಲೀಸ್ ಪೆಟ್ಟಿಗೆ. ಒಳಗೆ ಕೋಣೆಯ ಮೇಲೆ ಕೋಣೆ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ, ಬಯಲು ಮೆಲ್ಲಗೆ ಮುಗಿದು ಸಾಗವಾನಿಯ ಮರಗಳು ಮೊದಲಾಗುವ ಕಡೆಯಲ್ಲಿ, ಇದನ್ನು ಕೇಳಿ ನಾವು ನಮ್ಮ ಭಂಡಾರವನ್ನು ತೆರೆದೆವು. ರೈವತ ಕಕುದ್ಮಿಯು ಮಗಳಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಾನವು ಮುಗಿಯುವವರೆಗೆ ಕ್ಷಣಕಾಲ ಕಾದು ಬರುವುದರೊಳಗೆ ಭೂಮಿಯ ಮೇಲೆ ಯುಗಗಳೇ ಕಳೆದುಹೋಗಿದ್ದುವು. ಯೋಗವಾಸಿಷ್ಠದ ಲೀಲೋಪಾಖ್ಯಾನದಲ್ಲಿ ಒಬ್ಬ ಬಡ ಬ್ರಾಹ್ಮಣನ ಗೃಹಾಕಾಶದೊಳಗೇ ಒಂದು ಮಹಾರಾಜ್ಯವು ಅಡಗಿದೆ. ಮೊಮ್ಮಗಳು ಕಿವಿಯ ಗುಂಡಿಯನ್ನು ತೆಗೆದು ಕೇಳಿದಳು. ಚಿಕ್ಕಂದಿನಲ್ಲಿ ನಮ್ಮ ಮಗ್ಗುಲಲ್ಲಿ ಮಲಗಿ ಭಾರತದ ಕಥೆಗಳನ್ನು ಕೇಳುತ್ತಿದ್ದ ಹುಡುಗಿ ಇವಳೇ. ಹೈಸ್ಕೂಲು ಸೇರಿದ ಮೇಲೆ ನಮ್ಮಿಬ್ಬರ ಸಂಭಾಷಣೆಯು ಊಟವಾಯಿತೇ, ಅಭ್ಯಾಸವಾಯಿತೇ ಎಂಬಲ್ಲಿಗೆ ಬಂದು ನಿಂತಿತ್ತು. ಮನೆಯೊಳಗಿನ ಇಂತಹ ಮೌನವು ಯಾವ ಜಗಳಕ್ಕಿಂತಲೂ ದುಃಖಕರವಾದುದೆಂದು ಅನುಭವಿಗಳು ಬಲ್ಲರು.

ದಾಂಡೇಲಿಯಲ್ಲಿ ಕಾಳೀನದಿಯ ದಂಡೆಯ ಮೇಲೆ ಕುಳಿತು, ಆರಂಭದ ಪ್ರಶ್ನೆಯನ್ನು ಎತ್ತಿದೆವು.

“ಅಜ್ಜಾ, ಮೊದಲಿಂದ ನೋಡಬ್ಯಾಡ. 2005ರದ್ದು ನೋಡು. ಅದರಾಗ ಹೊಸಾ ಹುಡುಗಿ ಬರ್ತಾಳ. ಆಕೀಗೂ ಏನೂ ಗೊತ್ತಿರಂಗಿಲ್ಲ,” ಎಂದಳು.

ಈ ಮಾತು ಬಹು ಯುಕ್ತವಾದುದು. ಆ ವರ್ಷದ ಪ್ರಥಮ ಭಾಗದ ಹೆಸರು ‘ರೋಜ್’. ಲಂಡನ್ನಿನ ಅಂಗಡಿಯೊಂದರಲ್ಲಿ ಕೆಲಸಮಾಡುವ ಆ ಹೆಸರಿನ ತರುಣಿಯು ಡಾಕ್ಟರನನ್ನು ಅಕಸ್ಮಾತ್ತಾಗಿ ಸಂಧಿಸುವಳು. ಅವಳು ಕೇಳುವ ಪ್ರಶ್ನೆಗಳೇ ನಮ್ಮ ಪ್ರಶ್ನೆಗಳು; ಅವಳಿಗೆ ದೊರೆತ ಉತ್ತರವೇ ನಮಗೂ ಸಾಕು. ಮುಕ್ಕಾಲು ಗಂಟೆಯಲ್ಲಿ ಹೊಸಬನು ಒಳಗಿನವನಾಗುವನು. ಜನಮೇಜಯನು ಕೇಳದಿದ್ದರೆ ವೈಶಂಪಾಯನನು ಹೇಳುತ್ತಿದ್ದನೆ? ಕೇಳುವವನೊಬ್ಬನನ್ನು ಕಥೆಯೊಳಗೇ ಕುಳ್ಳಿರಿಸುವುದು ದೀರ್ಘಕಥೆಗಳ ಪುರಾತನ ಯುಕ್ತಿ. ಅಷ್ಟೇ ಅಲ್ಲ, ಭಾರತವನ್ನು ಮನುವಿನಿಂದ ಮೊದಲುಮಾಡುವವರು ಕೆಲವರು, ಆಸ್ತೀಕನಿಂದ ಮೊದಲುಮಾಡುವವರು ಕೆಲವರು, ಉಪರಿಚರನಿಂದ ಮೊದಲುಮಾಡುವವರು ಮತ್ತೆ ಕೆಲವರು ಎಂದು ಆದಿಪರ್ವವೇ ಹೇಳುತ್ತದೆ. ಒಂದೇ ಬಾಗಿಲಿನ ಮನೆ ಅದಲ್ಲ. ಎದುರಿಗೆ ಹರಿಯುವ ಕಾಳಿಯೂ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿಯಲ್ಲಿ ಹುಟ್ಟುವಳಂತೆ. ಆದರೆ ದಾಂಡೇಲಿಯವರು ಡಿಗ್ಗಿಗೆ ಹೋಗಿ ಬಂದ ಮೇಲೆಯೇ ಸ್ನಾನ ಮಾಡುವೆವೆಂದು ಕಾಯುವುದಿಲ್ಲ.

ಅಂದು ರಾತ್ರಿ ವಸತಿಗೃಹದಲ್ಲಿ ‘ರೋಜ್’ ಭಾಗವನ್ನು ನೋಡಿದೆವು. ಬಳಿಕ ಮೊಮ್ಮಗಳು 1963ರ ಆದಿಭಾಗವನ್ನೂ ತೋರಿಸಿದಳು. ಸುಮಾರು ಇಪ್ಪತ್ತೈದು ನಿಮಿಷಗಳ ಆ ಕಪ್ಪುಬಿಳುಪಿನ ಚಿತ್ರದಲ್ಲಿ ಪೆಟ್ಟಿಗೆಯೊಳಗೆ ಮೊದಲು ಕಾಲಿಡುವವರು ಯಾರು? ಇಬ್ಬರು ಶಾಲಾಶಿಕ್ಷಕರು! ಒಬ್ಬಾಕೆ ಇತಿಹಾಸವನ್ನು ಕಲಿಸುವವಳು, ಒಬ್ಬನು ವಿಜ್ಞಾನವನ್ನು ಕಲಿಸುವವನು. ತಮ್ಮ ಶಿಷ್ಯೆ ಸುಸಾನಳ ಅಸಾಧಾರಣ ಜ್ಞಾನದಿಂದ ಚಕಿತರಾಗಿ ಅವಳ ಹಿಂದೆಯೇ ಹೋದವರು ಅವಳ ತಾತನಾದ ಡಾಕ್ಟರನ ಕೈಗೆ ಸಿಕ್ಕುವರು. ಮೇಷ್ಟರುಗಳೂ, ಅಜ್ಜನೂ, ಮೊಮ್ಮಗಳೂ ಕೂಡಿ ಮೊದಲಾದ ಕಥೆಯಲ್ಲಿ ನಮಗೆ ಪರಕೀಯತೆ ಎಲ್ಲಿಯದು?

ಮರುದಿನ ಜೋಯಿಡಾ ತಾಲ್ಲೂಕನ್ನು ಹೊಕ್ಕೆವು. ಇದರ ಹಿಂದಿನ ಹೆಸರು ಸೂಪಾ. ಕಾಳಿಗೆ ಪಾಂಢರಿಯು ಸೇರುವಲ್ಲಿ ಸೂಪಾ ಎಂಬ ಊರಿತ್ತು. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಅಣೆಕಟ್ಟು ಪೂರ್ಣವಾಗಲು, ಊರು ನೀರಿನಲ್ಲಿ ಮುಳುಗಿತು; ಅಣೆಕಟ್ಟಿಗೆ ಅದರ ಹೆಸರು ಉಳಿಯಿತು. ವಿದ್ಯುದ್ದೀಪವನ್ನು ಹೊತ್ತಿಸುವಾಗ ಆ ಮುಳುಗಿದ ಮನೆಗಳನ್ನು ನೆನೆಯುವವರು ಎಷ್ಟು ಜನ? ಜಲಾಶಯದ ಅಂಚಿನಲ್ಲಿ ನಿಂತು ನೋಡಿದರೆ ನೀರು ಶಾಂತವಾಗಿತ್ತು. ಒಳಗೆ ಬೀದಿಗಳಿದ್ದುವೆಂದು ತಿಳಿಯುವಂತಿರಲಿಲ್ಲ.

ಈ ಧಾರಾವಾಹಿಗೂ ಮುಳುಗಿದ ಭಾಗಗಳುಂಟು. ಸುರುಳಿಗಳು ಬೆಲೆಬಾಳುವ ಕಾಲದಲ್ಲಿ, ಇನ್ನು ಇವುಗಳಿಂದ ಪ್ರಯೋಜನವಿಲ್ಲವೆಂದು ಸಂಸ್ಥೆಯವರು ಹಳೆಯ ಚಿತ್ರಗಳನ್ನು ಅಳಿಸಿಬಿಟ್ಟರು. ಅರುವತ್ತರ ದಶಕದ ತೊಂಬತ್ತಕ್ಕೂ ಮಿಕ್ಕಿದ ಭಾಗಗಳು ಹೀಗೆ ಕಳೆದುಹೋದುವು. ಆದರೆ ಚಿತ್ರವು ಹೋದರೂ ಧ್ವನಿಯು ಉಳಿಯಿತು. ಏಕೆಂದರೆ ಅಂದಿನ ಪ್ರೇಕ್ಷಕರಲ್ಲಿ ಕೆಲವರು ಟೀವಿಯ ಮುಂದೆ ಧ್ವನಿಯಂತ್ರವನ್ನಿಟ್ಟು, ಕೇವಲ ಪ್ರೀತಿಯಿಂದ, ಮಾತುಗಳನ್ನು ಹಿಡಿದಿಟ್ಟಿದ್ದರು. ಆ ಧ್ವನಿಗೆ ಹೊಸ ಚಿತ್ರಗಳನ್ನು ಬರೆದು ಕೂಡಿಸಿ, ಕಳೆದುಹೋದ ಹಲವು ಕಥೆಗಳನ್ನು ಪುನಃ ನೋಡುವಂತೆ ಮಾಡಿರುವರು. ಆದಿಯಿಂದ ಎಲ್ಲವನ್ನೂ ನೋಡಿಯೇ ತೀರುವೆನೆಂಬ ಹಟವು ಇಲ್ಲಿ ಯಾರಿಗೂ ಪೂರ್ಣವಾಗಿ ಸಾಧ್ಯವಿಲ್ಲ. ಹೊಸಬನಿಗೆ ಇದೊಂದು ಸಮಾಧಾನವೇ ಸರಿ.

ಹಾಗೆ ನಷ್ಟವಾದ ಕಥೆಗಳಲ್ಲೊಂದು ನಮ್ಮನ್ನು ಮುಂಡಗೋಡಕ್ಕೆ ಕರೆದೊಯ್ಯುತ್ತದೆ. 1967ರಲ್ಲಿ ಆರು ವಾರ ಪ್ರಸಾರವಾದ ‘ದಿ ಅಬಾಮಿನಬಲ್ ಸ್ನೋಮೆನ್’ ಎಂಬ ಆ ಕಥೆಯಲ್ಲಿ ಈಗ ಚಿತ್ರಸಹಿತವಾಗಿ ಉಳಿದಿರುವುದು ಎರಡನೆಯ ಭಾಗವೊಂದೇ. 2022ರಲ್ಲಿ ಅದಕ್ಕೂ ರೇಖಾಚಿತ್ರಗಳ ಹೊಸ ದೇಹವು ದೊರೆಯಿತು. ಕಥೆ ನಡೆಯುವುದು ತಿಬೇಟಿನ ಒಂದು ವಿಹಾರದಲ್ಲಿ. ಚಿತ್ರ ತೆಗೆದುದು ಮಾತ್ರ ವೇಲ್ಸಿನ ಬೆಟ್ಟಗಳಲ್ಲಿ. ಹಿಂದೆಂದೋ ತನ್ನ ವಶಕ್ಕೆ ಕೊಟ್ಟಿದ್ದ ಪವಿತ್ರವಾದ ಘಂಟೆಯನ್ನು ಮರಳಿ ಒಪ್ಪಿಸಲು ಡಾಕ್ಟರನು ಅಲ್ಲಿಗೆ ಬರುವನು. ‘ಘಂಟಾ’ ಎಂಬ ಸಂಸ್ಕೃತಪದವನ್ನೇ ಇಂಗ್ಲಿಷಿನವರ ಬಾಯಲ್ಲಿ ಕೇಳಿ ನಮಗೆ ಹರ್ಷವಾಯಿತು. ಆದರೆ ಎಂಟನೆಯ ಶತಮಾನದಲ್ಲಿ ತಿಬೇಟಿಗೆ ಹೋದ ಆಚಾರ್ಯ ಪದ್ಮಸಂಭವನ ಹೆಸರನ್ನು ಒಂದು ದುಷ್ಟಶಕ್ತಿಗೆ ವಶನಾದ ವೃದ್ಧನಿಗೆ ಇಟ್ಟಿರುವುದು ಉಚಿತವಲ್ಲ. ಪರದೇಶದವರ ಪೂಜ್ಯರ ಹೆಸರನ್ನು ಬಳಸುವವರು ಸ್ವಲ್ಪ ವಿಚಾರಿಸಬೇಕು.

ಇದರ ಪ್ರತಿಯಾಗಿ 1974ರ ‘ಪ್ಲ್ಯಾನೆಟ್ ಆಫ್ ದಿ ಸ್ಪೈಡರ್ಸ್’ ಎಂಬ ಕಥೆಯನ್ನು ನೋಡತಕ್ಕದ್ದು. ಅದನ್ನು ನಿರ್ಮಿಸಿ ನಿರ್ದೇಶಿಸಿದ ಬ್ಯಾರಿ ಲೆಟ್ಸ್ ಎಂಬವರಿಗೆ ಬೌದ್ಧಧರ್ಮದಲ್ಲಿ ಆಸಕ್ತಿಯಿತ್ತು. 1966ರಲ್ಲಿ ಮೊದಲಿನ ನಟನಿಗೆ ದೇಹಸ್ಥಿತಿ ಸರಿಯಿಲ್ಲದಿರಲು, ನಾಯಕನು ಶರೀರವನ್ನೇ ಬದಲಿಸಿಕೊಳ್ಳುವನೆಂಬ ಉಪಾಯವನ್ನು ಕಂಡುಹಿಡಿದಿದ್ದರು. ಅಂದಿನಿಂದ ಹತ್ತಾರು ನಟರು ಆ ಪಾತ್ರವನ್ನು ಧರಿಸಿರುವರು. 2018ರಿಂದ ಕೆಲವು ವರ್ಷ ಒಬ್ಬ ನಟಿಯೇ ಡಾಕ್ಟರಾಗಿದ್ದಳು. ಈ ದೇಹಾಂತರಕ್ಕೆ ‘ರೀಜನರೇಷನ್’ ಎಂಬ ಹೆಸರು ಮೊದಲು ಕೇಳಿಬಂದುದು 1974ರ ಆ ಕಥೆಯಲ್ಲಿ. ಅಲ್ಲಿ ಡಾಕ್ಟರನ ಪೂರ್ವಗುರುವು ಒಬ್ಬ ತಿಬೇಟೀ ರಿಂಪೋಚೆಯ ರೂಪದಲ್ಲಿರುವನು. ಪ್ರತಿಯೊಂದು ದೇಹಾಂತರವೂ ಹೊಸ ಪ್ರೇಕ್ಷಕನಿಗೆ ಒಂದೊಂದು ಬಾಗಿಲು.

ಯಲ್ಲಾಪುರವನ್ನು ಹಾದು ಮುಂಡಗೋಡವನ್ನು ಸೇರಿದೆವು. 1959ರಲ್ಲಿ ದಲೈಲಾಮಾ ಅವರನ್ನು ಅನುಸರಿಸಿ ಭಾರತಕ್ಕೆ ಬಂದ ನಿರಾಶ್ರಿತರಿಗೆ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಅಂದಿನ ಮೈಸೂರು ಸರಕಾರವು ಇಲ್ಲಿ ಭೂಮಿಯನ್ನು ಕೊಟ್ಟಿತು. 1966ರಲ್ಲಿ ಡೋಗುಲಿಂಗ್ ಎಂಬ ನೆಲೆಯು ಸ್ಥಾಪಿತವಾಯಿತು. ಕಾಡು ಕಡಿದು, ಮುಸುಕಿನ ಜೋಳ ಬಿತ್ತಿ, ಬಿಸಿಲಿಗೆ ಒಗ್ಗದ ಶರೀರಗಳನ್ನು ಒಗ್ಗಿಸಿಕೊಂಡು ಅವರು ಬಾಳಿದರು. ತಿಬೇಟಿನಲ್ಲಿ 1409ರಲ್ಲಿ ಹುಟ್ಟಿದ ಗಾಂದೆನ್, 1416ರಲ್ಲಿ ಹುಟ್ಟಿದ ಡ್ರೆಪುಂಗ್ ಎಂಬ ಮಹಾವಿಹಾರಗಳು ಇಲ್ಲಿ ಅದೇ ಹೆಸರುಗಳಿಂದ ಪುನಃ ಎದ್ದುವು. ದೇಹ ಹೊಸದು, ಹೆಸರು ಹಳೆಯದು.

ಡ್ರೆಪುಂಗಿನ ಅಂಗಳದಲ್ಲಿ ಸಾಯಂಕಾಲದ ವಾದಸಭೆ ನಡೆದಿತ್ತು. ನಿಂತವನು ಕೈ ತಟ್ಟಿ ಪ್ರಶ್ನೆಯನ್ನು ಎಸೆಯುವನು. ಕುಳಿತವನು ಉತ್ತರ ಹೇಳುವನು. ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ ಇವು ಅಲ್ಲಿಯ ಪಾಠ್ಯಗ್ರಂಥಗಳೊಳಗಿನವು. ಗೆಶೆ ಎಂಬ ಪದವಿಗೆ ಸುಮಾರು ಇಪ್ಪತ್ತು ವರ್ಷಗಳ ವ್ಯಾಸಂಗ ಬೇಕು. ದಿಙ್ನಾಗನ ಪ್ರಮಾಣಸಮುಚ್ಚಯವನ್ನು ಸಂಸ್ಕೃತದಲ್ಲಿ ಸಂಪೂರ್ಣವಾಗಿ ಓದಬೇಕೆಂದರೆ ನಮಗೆ ದೊರೆಯದು. ಈ ಜನರ ಭಾಷಾಂತರದಲ್ಲಿ ಅದು ಉಳಿದುಕೊಂಡಿದೆ. ಮೂಲವನ್ನು ಕಳೆದುಕೊಂಡವರ ವಂಶಜರಾದ ನಾವು, ನೆಲವನ್ನು ಕಳೆದುಕೊಂಡವರ ಅಂಗಳದಲ್ಲಿ ಕೈಮುಗಿದು ನಿಂತೆವು.

ಹತ್ತಿರವಿದ್ದ ಒಬ್ಬ ಹಿರಿಯ ಭಿಕ್ಷುಗಳು ಕನ್ನಡ ಬಲ್ಲವರಾಗಿದ್ದರು. “ಸ್ವಾಮಿಗಳೇ, ಸಣ್ಣ ಹುಡುಗರಿಗೆ ಮೊದಲನೆಯ ಪಾಠ ಯಾವುದು?” ಎಂದು ಮೊಮ್ಮಗಳು ಕೇಳಿದಳು.

“ಬಣ್ಣದ ಪಾಠಾರೀ. ಬಿಳಿ, ಕೆಂಪು. ಬಣ್ಣ ಎಲ್ಲಾ ಬಿಳೀನೇನು? ಬಿಳಿ ಅಂದ್ರ ಬಣ್ಣ ಹೌದೋ ಅಲ್ಲೋ? ಅಲ್ಲಿಂದ ಶುರು,” ಎಂದು ಅವರು ನಕ್ಕರು.

ನೂರಾರು ಸಂಪುಟಗಳ ವಾಙ್ಮಯಕ್ಕೂ ಪ್ರವೇಶವು ಕಣ್ಣೆದುರಿನ ಬಣ್ಣದಿಂದ! ಮೊದಲ ಸಂಪುಟದ ಮೊದಲ ಪುಟದಿಂದ ಮೊದಲುಮಾಡೆಂದು ಬಾಲಕನಿಗೆ ಯಾವ ಗುರುವೂ ವಿಧಿಸುವುದಿಲ್ಲ.

ಇನ್ನು ಗೃಹಸ್ಥರಿಗೆ ನಮ್ಮ ಸೂಚನೆಯಿಷ್ಟೆ. ಡಾಕ್ಟರನ ಕಥೆಗೆ ಹೊಸಬರಾದವರು 2005ರ ‘ರೋಜ್’ ಭಾಗದಿಂದ ಮೊದಲುಮಾಡಲಿ. ಹಳೆಯದರ ರುಚಿ ಬೇಕಾದವರು 1963ರ ಆದಿಭಾಗವನ್ನು ಕೂಡಿಸಿಕೊಳ್ಳಲಿ. ಒಂದೇ ಕಥೆ ಸಾಕೆನ್ನುವವರಿಗೆ 2007ರ ‘ಬ್ಲಿಂಕ್’ ಉಂಟು. ಅದು ಭಯಾನಕರಸದ್ದಾದುದರಿಂದ ಎಳೆಯ ಮಕ್ಕಳಿಗೆ ರಾತ್ರಿಯ ಹೊತ್ತು ತೋರಿಸಬಾರದು. ತಿಳಿಯದುದನ್ನು ಮಕ್ಕಳನ್ನೇ ಕೇಳತಕ್ಕದ್ದು. ಮಕ್ಕಳಾದರೂ ಹಿರಿಯರ ಅಜ್ಞಾನಕ್ಕೆ ನಗದೆ, ಅವರು ಕುಳಿತುಕೊಳ್ಳುವಷ್ಟು ಸ್ಥಳವನ್ನು ಪಕ್ಕದಲ್ಲಿ ಬಿಡಬೇಕು. ಹಿರಿಯರು ಕೇಳತೊಡಗಿದ ಮನೆಯಲ್ಲಿ ಮಕ್ಕಳೂ ಕೇಳುವರು. ರೈವತನ ಕಥೆಗೂ ಆಸ್ತೀಕನ ಕಥೆಗೂ ಅಲ್ಲಿ ಸರದಿ ಬಂದೇ ಬರುವುದು.